ಜೋಳದ ಹೊಲಕ್ಕೆ ಬರುವ ಗುಲಾಬಿ ಕಬ್ಬಕ್ಕಿ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ತೆನೆಗೆ ಹಾಲು ತುಂಬುವ ಕಾಲವು ಸೀತನಿಯ ಕಾಲ. ಅದೇ ಹಕ್ಕಿ ಕಾಯುವ ಕಾಲವೂ ಹೌದು. ಹೊಲದ ನಡುವೆ ಅಟ್ಟ ಕಟ್ಟಿ, ಕವಣೆ ಹಿಡಿದು ಕೂಗುವವರ ದನಿ ಭೀಮೆಯ ದಂಡೆಯವರೆಗೂ ಕೇಳಿಸುವುದುಂಟು. ಆ ಕೂಗು ಯಾರನ್ನು ಕುರಿತದ್ದು? ಗಿಳಿ, ಗುಬ್ಬಿಗಳು ಊರಿನವೇ. ಆದರೆ ಮೋಡದಂತೆ ಎದ್ದು, ಒಮ್ಮೆಲೇ ತಿರುಗಿ, ತೆನೆಗಳ ಮೇಲೆ ಎರಗುವ ಹಿಂಡು ಪರದೇಶದ್ದು. ಅದೇ ಗುಲಾಬಿ ಕಬ್ಬಕ್ಕಿ. ಹಿಂದೆ ನಮ್ಮ ದೇಶದಲ್ಲಿದ್ದ ಆಂಗ್ಲರು ಇದನ್ನು ಜೋಳದ ಹಕ್ಕಿ ಎಂದೇ ಕರೆಯುತ್ತಿದ್ದರು.

ಗಾತ್ರದಲ್ಲಿ ಇದು ಮೈನಾವನ್ನು ಹೋಲುತ್ತದೆ. ತಲೆ, ಕೊರಳು, ರೆಕ್ಕೆ, ಬಾಲಗಳು ಮಿರುಗುವ ಕಪ್ಪು. ಬೆನ್ನು, ಹೊಟ್ಟೆಗಳು ಗುಲಾಬಿ. ನೆತ್ತಿಯಿಂದ ಹಿಂದಕ್ಕೆ ಇಳಿಬಿದ್ದ ಜುಟ್ಟು. ಎಳೆಯ ಹಕ್ಕಿಯ ಬಣ್ಣ ಮಾಸಲು ಕಂದು. ಅದನ್ನು ಗುರುತಿಸಲು ಕಣ್ಣು ಪಳಗಬೇಕು.

ಮೆಡಿಟರೇನಿಯನ್ ಸಮುದ್ರದ ದ್ವೀಪಗಳಲ್ಲಿ ವಲಸೆಯ ಹಕ್ಕಿಗಳನ್ನು ಅಭ್ಯಸಿಸುವುದು ಒಂದು ರೀತಿಯಲ್ಲಿ ಸುಲಭ. ಕಡಲು ದಾಟುವ ಹಕ್ಕಿಗೆ ಇಳಿಯಲು ಬೇರೆ ನೆಲವಿಲ್ಲ. ದಣಿದ ಹಿಂಡುಗಳು ತಾವಾಗಿಯೇ ಅಲ್ಲಿ ಒಟ್ಟುಗೂಡುತ್ತವೆ. ನಮ್ಮ ಬಯಲುಸೀಮೆಯಲ್ಲಿ ಅಂಥ ಅನುಕೂಲವಿಲ್ಲ. ಇಲ್ಲಿ ಹಕ್ಕಿಯನ್ನು ಸೆಳೆಯುವುದು ಮೇವು, ಅಂದರೆ ಜೋಳ, ಮಿಡತೆ, ಬೇಸಿಗೆಯ ಮೊದಲಲ್ಲಿ ಮುತ್ತುಗ, ಬೂರುಗಗಳ ಹೂವಿನ ಜೇನು. ಹೂವಿಗೆ ಮುಖವಿಟ್ಟ ಹಕ್ಕಿ ಪರಾಗವನ್ನೂ ಹೊತ್ತೊಯ್ಯುತ್ತದೆ. ಹೊಲದ ಯಜಮಾನನ ಲೆಕ್ಕದಲ್ಲಿ ಇದು ಸೇರುವುದಿಲ್ಲ.

ಈ ಹಕ್ಕಿಯ ತವರು ಪೂರ್ವ ಯೂರೋಪಿನಿಂದ ತುರ್ಕಿ, ಕಜಕಸ್ತಾನಗಳ ಮೂಲಕ ಚೀನದ ಶಿನ್‌ಜಿಯಾಂಗ್‌ವರೆಗೆ ಹಬ್ಬಿದ ಹುಲ್ಲುಗಾವಲುಗಳು. ಮೇ, ಜೂನ್ ತಿಂಗಳುಗಳಲ್ಲಿ ಅಲ್ಲಿನ ಕಲ್ಲುಗುಪ್ಪೆಗಳ ಸಂದುಗಳಲ್ಲಿ ಮರಿಮಾಡಿ, ಜುಲೈ, ಆಗಸ್ಟ್ ಹೊತ್ತಿಗೆ ಭಾರತದ ವಾಯವ್ಯ ಭಾಗಕ್ಕೆ ಮರಳಿಬಿಡುತ್ತದೆ. ಅಲ್ಲಿಂದ ದಖ್ಖನಿಗೆ ಇಳಿಯುತ್ತದೆ. ಮತ್ತೆ ಹೊರಡುವುದು ಏಪ್ರಿಲ್ ಸುಮಾರಿಗೆ. ಹೀಗೆ ವರ್ಷದ ಹೆಚ್ಚು ಕಾಲವನ್ನು ಇದು ಭಾರತದಲ್ಲಿಯೇ ಕಳೆಯುತ್ತದೆ. ಇದನ್ನು ಅತಿಥಿಯೆನ್ನಲು ನಮಗೆ ಕೊಂಚ ಸಂಕೋಚವೇ.

ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ತಿಳಿಯುವ ಬಗೆ ಹೇಗೆ? 1899ರಲ್ಲಿ ಡೆನ್ಮಾರ್ಕಿನ ಶಾಲಾಶಿಕ್ಷಕ ಮಾರ್ಟೆನ್ಸನ್ ಕಬ್ಬಕ್ಕಿಗಳ ಕಾಲಿಗೆ ಅಂಕೆ ಕೊರೆದ ಅಲ್ಯೂಮಿನಿಯಂ ಉಂಗುರ ತೊಡಿಸಿದರು. ಶಾಸ್ತ್ರೀಯ ಉಂಗುರ ಪದ್ಧತಿ ಆರಂಭವಾದುದು ಹೀಗೆ. ನಮ್ಮ ದೇಶದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೆದದ್ದಕ್ಕೆ ಕನ್ನಡನಾಡಿನ ಒಂದು ರೋಗವೇ ನಿಮಿತ್ತ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿತು. ಅದರ ವೈರಸ್ಸು ರಷ್ಯದ ಒಂದು ವೈರಸ್ಸನ್ನು ಹೋಲುತ್ತಿದ್ದುದರಿಂದ, ಹಕ್ಕಿಗಳೇ ಅದನ್ನು ತಂದವೋ ಎಂಬ ಶಂಕೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬೊಂಬಾಯಿಯ ನಿಸರ್ಗ ಇತಿಹಾಸ ಸಂಘವು 1959ರಲ್ಲಿ ಸಲೀಂ ಅಲಿಯವರ ನೇತೃತ್ವದಲ್ಲಿ ವಲಸೆಯ ಅಧ್ಯಯನವನ್ನು ಕೈಗೊಂಡಿತು. ಶಂಕೆಗೆ ಆಧಾರ ಸಿಗಲಿಲ್ಲ. ವಲಸೆಯ ಜ್ಞಾನ ಮಾತ್ರ ಬೆಳೆಯಿತು.

ಇನ್ನು ಭೌತಶಾಸ್ತ್ರದ ಮಾತು. ಕಬ್ಬಕ್ಕಿಗಳು ಹಗಲಲ್ಲಿ ಪಯಣಿಸುವಂಥವು. ಸೂರ್ಯನೇ ಅವುಗಳ ದಿಕ್ಸೂಚಿಯೆಂದು 1950ರ ಸುಮಾರಿಗೆ ಜರ್ಮನಿಯ ಗುಸ್ತಾವ್ ಕ್ರಾಮರ್ ತೋರಿಸಿದರು. ಆದರೆ ಸೂರ್ಯನು ನಿಂತಲ್ಲಿ ನಿಲ್ಲುವವನಲ್ಲ. ಗಂಟೆಗೆ ಸರಾಸರಿ 15 ಡಿಗ್ರಿ ಸರಿಯುತ್ತಾನೆ. ಆದ್ದರಿಂದ ಹಕ್ಕಿಯ ಮೈಯೊಳಗೆ ಗಡಿಯಾರವೊಂದಿರಬೇಕು. ಕೃತಕ ದೀಪದ ಬೆಳಕಿನಲ್ಲಿ ಕಬ್ಬಕ್ಕಿಯ ಹಗಲಿರುಳುಗಳನ್ನು 6 ಗಂಟೆ ಪಲ್ಲಟಗೊಳಿಸಿದಾಗ, ಅದು ಹಿಡಿಯುವ ದಿಕ್ಕು ಸುಮಾರು 90 ಡಿಗ್ರಿ ತಿರುಗಿತು. ಗುಣಿಸಿ ನೋಡಿದರೆ ಲೆಕ್ಕ ತಾಳೆಯಾಗುತ್ತದೆ.

ದಿಕ್ಕು ತಿಳಿದರೆ ಸಾಲದು. ತಾನಿರುವ ಎಡೆಯೂ ತಿಳಿಯಬೇಕು. ಉತ್ತರ ದಕ್ಷಿಣಗಳ ಮಟ್ಟಿಗೆ ಭೂಮಿಯ ಕಾಂತಕ್ಷೇತ್ರವೇ ಗುರುತಾಗಬಲ್ಲದು. ಸ್ವತಂತ್ರವಾಗಿ ತೂಗಿದ ಸೂಜಿಗಲ್ಲು ಕಲಬುರಗಿಯಲ್ಲಿ ಇಪ್ಪತ್ತು ಡಿಗ್ರಿಗೆ ಕೊಂಚ ಹೆಚ್ಚು ಬಾಗಿದರೆ, ಕಜಕಸ್ತಾನದ ಬಯಲಲ್ಲಿ 60ಕ್ಕೂ ಮಿಗಿಲಾಗಿ ಬಾಗುತ್ತದೆ. ಪೂರ್ವ ಪಶ್ಚಿಮಗಳದೇ ಕಷ್ಟ. ಪೂರ್ವ ತುರ್ಕಿಯ 40 ಡಿಗ್ರಿ ರೇಖಾಂಶದಲ್ಲಿ ಹುಟ್ಟಿದ ಹಕ್ಕಿಯೊಂದು ಸುಮಾರು 77 ಡಿಗ್ರಿಯಲ್ಲಿರುವ ಜೇವರ್ಗಿಗೆ ಬಂದಿತೆನ್ನೋಣ. ಅಂತರ 37 ಡಿಗ್ರಿ. ಡಿಗ್ರಿಗೆ 4 ನಿಮಿಷದಂತೆ 148 ನಿಮಿಷ. ಈ ವ್ಯತ್ಯಾಸವನ್ನು ಅಳೆಯಬಲ್ಲ ಗಡಿಯಾರವನ್ನು ನಾವಿಕರು ಪಡೆದದ್ದು 18ನೆಯ ಶತಮಾನದಲ್ಲಿ, ಜಾನ್ ಹ್ಯಾರಿಸನ್ನನ ಕೈಯಿಂದ. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗ ಬೇರೊಂದು ದಾರಿಯನ್ನು ಸೂಚಿಸಿತು. ಬಾಲ್ಟಿಕ್ ತೀರದಲ್ಲಿ ಹಿಡಿದ ಜೊಂಡಿನ ಉಲಿಯಕ್ಕಿಗಳ ಸುತ್ತ, ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಡುವಣ ಕೋನವನ್ನು ಬದಲಿಸಲಾಯಿತು. ಪ್ರಾಯದ ಹಕ್ಕಿಗಳು ತಾವು ಸ್ಕಾಟ್ಲೆಂಡಿನಲ್ಲಿರುವಂತೆ ದಿಕ್ಕು ಬದಲಿಸಿದವು. ಎಳೆಯವು ಗೊಂದಲಕ್ಕೀಡಾದವು.

ಎಳೆಯದಕ್ಕೂ ಹಿರಿಯದಕ್ಕೂ ಇರುವ ಈ ಭೇದ ಹೊಸತಲ್ಲ. ಹಾಲೆಂಡಿನ ಪರ್ಡೆಕ್ ಹೇಗ್ ನಗರದ ಬಳಿ ಹಿಡಿದ 11,000ಕ್ಕೂ ಹೆಚ್ಚು ಕಬ್ಬಕ್ಕಿಗಳನ್ನು ವಿಮಾನದಲ್ಲಿ ಸ್ವಿಟ್ಜರ್ಲೆಂಡಿಗೆ ಒಯ್ದು ಹಾರಬಿಟ್ಟು, ಫಲಿತಾಂಶವನ್ನು 1958ರಲ್ಲಿ ಪ್ರಕಟಿಸಿದರು. ಎಳೆಯ ಹಕ್ಕಿಗಳು ಹುಟ್ಟಿನಿಂದ ಬಂದ ದಿಕ್ಕನ್ನೇ ಹಿಡಿದು ಸ್ಪೇನ್ ಕಡೆಗೆ ಸರಿದವು. ಹಿಂದೊಮ್ಮೆ ಪಯಣಿಸಿದ್ದ ಹಿರಿಯವು ವಾಯವ್ಯಕ್ಕೆ ತಿರುಗಿ ತಮ್ಮ ಎಂದಿನ ನೆಲೆಯತ್ತ ನಡೆದವು. ನಮ್ಮ ಹೊಲಗಳಿಗೆ ಬರುವ ಹಿಂಡಿನಲ್ಲಿಯೂ ಕಂದುಬಣ್ಣದ ಎಳೆಯವುಂಟು, ಗುಲಾಬಿ ಬಣ್ಣದ ಹಿರಿಯವುಂಟು.

ರೈತನ ದೂರು ಸುಳ್ಳಲ್ಲ. ಜೋಳದ ಹೊಲಗಳು ಕುಗ್ಗಿ ತೊಗರಿ, ಕಬ್ಬುಗಳು ಹಬ್ಬಿರುವಲ್ಲಿ, ಒಬ್ಬನೇ ಜೋಳ ಬಿತ್ತಿದವನ ಮೇಲೆ ಹಿಂಡಿನ ಹೊರೆಯೆಲ್ಲ ಬೀಳುತ್ತದೆ. ಆದರೆ ಇದೇ ಹಕ್ಕಿ ತವರಿನಲ್ಲಿ ಮರಿಗಳಿಗೆ ಉಣಿಸುವುದು ಮಿಡತೆಗಳನ್ನು. ಅದಕ್ಕಾಗಿಯೇ ಶಿನ್‌ಜಿಯಾಂಗ್‌ನಲ್ಲಿ ಕಲ್ಲುಗಳನ್ನು ಪೇರಿಸಿ ಅದಕ್ಕೆ ಗೂಡಿನ ತಾಣ ಒದಗಿಸುತ್ತಾರೆ. ನಮ್ಮಲ್ಲಿ ಕಲ್ಲು ಕವಣೆಗೆ ಏರುತ್ತದೆ. ಬೆಳೆ ಕಳೆದುಕೊಳ್ಳುವವನನ್ನು ಅದಕ್ಕಾಗಿ ಜರೆಯಲು ನಾವು ಸಿದ್ಧರಿಲ್ಲ.

ಆಸಕ್ತ ವಿದ್ಯಾರ್ಥಿಗಳು ಸಂಜೆ ಊರಹೊರಗಿನ ಜಾಲಿಮರಗಳ ಬಳಿ ನಿಂತು ನೋಡಬಹುದು. ಹಗಲೆಲ್ಲ ಚದುರಿದ್ದ ಗುಂಪುಗಳು ಇರುಳು ತಂಗಲು ಮೈನಾಗಳೊಡನೆ ಅಲ್ಲಿ ಸೇರುತ್ತವೆ. ಹಿಂಡಿನ ಒಂದು ಮೂಲೆಯಲ್ಲಿ ಹತ್ತು ಹಕ್ಕಿಗಳನ್ನೆಣಿಸಿ, ಅಂಥ ಎಷ್ಟು ತುಣುಕುಗಳು ಇಡೀ ಹಿಂಡಿನಲ್ಲಿವೆಯೆಂದು ಅಂದಾಜಿಸುವುದು ರೂಢಿ. ಮೊದಲ ಹಿಂಡು ಕಂಡ ದಿನ, ಕೊನೆಯದು ಕಂಡ ದಿನ, ಎಳೆಯವು ಎಷ್ಟು, ಹಿರಿಯವು ಎಷ್ಟು ಎಂಬುದನ್ನು ವರ್ಷವರ್ಷವೂ ಒಂದೇ ಪುಸ್ತಕದಲ್ಲಿ ಬರೆದಿಡಬೇಕು.