ಕನಸುಗಳಿಗೂ ಒಂದು ಲೆಕ್ಕವಿರಲಿ

ಮನೆಯ ಖರ್ಚಿಗೆ ತಿಂಗಳು ತಿಂಗಳೂ ಲೆಕ್ಕ ಬರೆಯುವ ಸಹೋದರಿಯರು ತಮ್ಮ ಕನಸುಗಳ ಲೆಕ್ಕ ನೋಡುವುದು ಅಪರೂಪ. ಟೀಚರ್ ಆಗಬೇಕೆಂದಿದ್ದವಳು ಮದುವೆ, ಮಕ್ಕಳೆಂದು ಪಿಯುಸಿಯನ್ನು ಅರ್ಧಕ್ಕೆ ಬಿಟ್ಟಿರಬಹುದು. ‘ಇಪ್ಪತ್ತೈದಾಯಿತು, ಇನ್ನೇನು?’ ಎಂದು ಕೈಚೆಲ್ಲಬೇಡಿ.

ಒಂದು ಹಾಳೆಯಲ್ಲಿ ಬರೆಯಿರಿ: ಏನು ಸಾಧಿಸಿದೆ, ಯಾವುದು ನಿಂತಿತು, ಏಕೆ ನಿಂತಿತು? ಕೆಲವು ಗುರಿಗಳು ಈಗ ನಿಮಗೇ ಬೇಡವಾಗಿರಬಹುದು; ಅದು ಸೋಲಲ್ಲ. ಉಳಿದವಕ್ಕೆ ದಾರಿ ಹುಡುಕಿ.

1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹತ್ತು, ಹನ್ನೆರಡನೇ ತರಗತಿಗೆ ಗರಿಷ್ಠ ವಯೋಮಿತಿಯಿಲ್ಲ. ಒಮ್ಮೆ ನೋಂದಾಯಿಸಿದರೆ 5 ವರ್ಷಗಳಲ್ಲಿ 9 ಬಾರಿ ಪರೀಕ್ಷೆಗೆ ಕೂರಬಹುದು. ಆ ಅವಧಿಯಲ್ಲಿ ಪಾಸಾದ ವಿಷಯವನ್ನು ಮತ್ತೆ ಬರೆಯಬೇಕಿಲ್ಲ.

ಮುಂದಿನ ರಮಝಾನ್‌ನೊಳಗೆ ಎರಡೇ ವಿಷಯ ಮುಗಿಸಿದರೂ ಅದು ಜಮೆಯೇ. ಪತಿಯೊಂದಿಗೆ, ಅತ್ತೆಯೊಂದಿಗೆ ಇಂದೇ ಮಾತಾಡಿ.