ಬಿರುಗಾಳಿಯ ಜಾಡು ಹಿಡಿದು

ಬಂಗಾಳ ಕೊಲ್ಲಿಯಲ್ಲೆದ್ದರೆ ಚಂಡಮಾರುತ. ಅಟ್ಲಾಂಟಿಕ್ ಸಾಗರದಲ್ಲೆದ್ದರೆ ಹರಿಕೇನ್. ಹೆಸರು ಬೇರೆಯಾದರೂ ಸ್ವಭಾವ ಒಂದೇ. ಅಮೆರಿಕದ ಫ್ಲಾರಿಡಾ ತೀರದ ನಿವಾಸಿಗಳಿಗೆ ಜೂನ್‌ನಿಂದ ನವೆಂಬರ್‌ವರೆಗೆ ಇದರ ಭೀತಿ ತಪ್ಪಿದ್ದಲ್ಲ. ಅದರಿಂದಲೇ ಅಲ್ಲಿನ ಅನೇಕ ಸಂಸಾರಗಳಲ್ಲಿ ಒಂದು ವಿಚಿತ್ರ ಹವ್ಯಾಸ ಬೆಳೆದುಬಂದಿದೆ. ಮೇಜಿನ ಮೇಲೊಂದು ಸಾಗರದ ನಕ್ಷೆ, ಕೈಯಲ್ಲೊಂದು ಸೀಸದಕಡ್ಡಿ; ಉಪಗ್ರಹದ ಚಿತ್ರವನ್ನು ನೋಡಿ ಬಿರುಗಾಳಿಯ ಹೆಜ್ಜೆಗಳನ್ನು ಗುರುತಿಸುವುದು!

ಇದಕ್ಕೆ ಬಾಗಿಲು ತೆರೆದದ್ದು ೧೯೬೦ರ ಏಪ್ರಿಲ್ ೧ರಂದು ಅಮೆರಿಕ ಹಾರಿಸಿದ ಟೈರೋಸ್-೧ ಎಂಬ ಹವಾಮಾನ ಉಪಗ್ರಹ. ೧೯೬೩ರ ಡಿಸೆಂಬರಿನಲ್ಲಿ ಮೇಲೇರಿದ ಟೈರೋಸ್-೮, ತಾನು ಕಂಡ ಮೋಡಗಳ ಚಿತ್ರವನ್ನು ಆಗಿಂದಾಗಲೇ ರೇಡಿಯೋ ಅಲೆಗಳಲ್ಲಿ ಕೆಳಗೆ ಬಿತ್ತರಿಸಿತು. ಈ ಬಗೆಯ ಪ್ರಸಾರವನ್ನು ಮುಂದೆ ಹವ್ಯಾಸಿಗಳೂ ತಾವೇ ಕಟ್ಟಿದ ಆಂಟೆನಾಗಳಿಂದ ಹಿಡಿಯಲಾರಂಭಿಸಿದರು. ಇಂದಾದರೋ, ಸಮಭಾಜಕದ ಮೇಲೆ ೩೫,೭೮೬ ಕಿಲೋಮೀಟರ್ ಎತ್ತರದಲ್ಲಿ ಭೂಮಿಯೊಡನೆಯೇ ಸುತ್ತುತ್ತ, ಒಂದೆಡೆ ನಿಂತಂತೆ ತೋರುವ ಗೋಸ್ ಉಪಗ್ರಹಗಳು ಕೆಲವೇ ನಿಮಿಷಗಳಿಗೊಮ್ಮೆ ಚಿತ್ರ ಕಳುಹಿಸುತ್ತವೆ. ಯಾರು ಬೇಕಾದರೂ ಮನೆಯ ಕಂಪ್ಯೂಟರಿನಲ್ಲಿ ಅವನ್ನು ನೋಡಬಹುದು.

ಜಾಡು ಹಿಡಿಯುವ ಕ್ರಮ ಸುಲಭವಾದುದು. ಸುರುಳಿ ಸುತ್ತಿದ ಬಿಳಿಯ ಮೋಡಗಳ ನಡುವೆ ಕರಿಯ ಚುಕ್ಕೆಯೊಂದು ಕಾಣುತ್ತದೆ. ಅದೇ ಬಿರುಗಾಳಿಯ ಕಣ್ಣು. ಆರಾರು ಗಂಟೆಗೊಮ್ಮೆ ಅದರ ಅಕ್ಷಾಂಶ ರೇಖಾಂಶಗಳನ್ನು ನಕ್ಷೆಯಲ್ಲಿ ಗುರುತಿಸಿ ಚುಕ್ಕೆಗಳನ್ನು ಕೂಡಿಸಿದರೆ ದಿಕ್ಕು ತಿಳಿಯಿತು. ಚುಕ್ಕೆಗಳ ನಡುವಣ ದೂರವನ್ನಳೆದರೆ ವೇಗ ತಿಳಿಯಿತು. ಇಷ್ಟಾದ ಮೇಲೆ ಆ ಗೆರೆಯನ್ನು ಹಾಗೆಯೇ ಮುಂದಕ್ಕೆಳೆಯಬೇಕೆಂಬ ಆಸೆ ಯಾರಿಗೆ ತಾನೆ ಆಗದು? ಅಪಾಯವಿರುವುದು ಅಲ್ಲಿಯೇ.

೨೦೦೪ರ ಆಗಸ್ಟ್ ೧೩, ಶುಕ್ರವಾರ. ಚಾರ್ಲಿ ಎಂಬ ಹರಿಕೇನ್ ಕ್ಯೂಬಾ ದ್ವೀಪವನ್ನು ದಾಟಿ ಫ್ಲಾರಿಡಾದ ಪಶ್ಚಿಮ ತೀರದತ್ತ ಸಾಗುತ್ತಿದ್ದಿತು. ಮುನ್ಸೂಚನೆಯ ನಕ್ಷೆಯಲ್ಲಿ ನಡುಗೆರೆ ಟ್ಯಾಂಪಾ ನಗರದತ್ತ ಬೆರಳು ಮಾಡಿದ್ದಿತು. ಎಲ್ಲರ ದೃಷ್ಟಿಯೂ ಟ್ಯಾಂಪಾದ ಮೇಲೆಯೇ. ಆದರೆ ವಾಯುಮಂಡಲದ ಮೇಲ್ಪದರಗಳಲ್ಲಿ ಆ ಋತುವಿಗೆ ಅಪರೂಪವಾದ ಪ್ರಬಲ ಗಾಳಿಯ ಅಲೆಯೊಂದು ಉತ್ತರದಿಂದ ಇಳಿದುಬಂದಿದ್ದಿತು. ಅದರ ಸೆಳೆತಕ್ಕೆ ಸಿಕ್ಕಿದ ಚಾರ್ಲಿ ಬಲಕ್ಕೆ ಹೊರಳಿತು. ಹೊರಳಿದ್ದು ಅಲ್ಪವೇ, ಆದರೆ ತೀರಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಸಾಗುವ ಗಾಳಿ ಅಷ್ಟು ಹೊರಳಿದರೂ ಅದು ನೆಲ ಮುಟ್ಟುವ ತಾಣ ಬಹುದೂರ ಸರಿಯುತ್ತದೆ. ಜೊತೆಗೆ ಕೆಲವೇ ಗಂಟೆಗಳಲ್ಲಿ ಅದರ ಬಲವೂ ಉಕ್ಕೇರಿತು. ಮಧ್ಯಾಹ್ನ ಮೂರೂಮುಕ್ಕಾಲರ ವೇಳೆಗೆ ಗಂಟೆಗೆ ಸುಮಾರು ೨೪೦ ಕಿಲೋಮೀಟರ್ ವೇಗದ ಗಾಳಿಯೊಡನೆ ತೀರಕ್ಕಪ್ಪಳಿಸಿ, ಟ್ಯಾಂಪಾಕ್ಕಿಂತ ನೂರು ಕಿಲೋಮೀಟರಿಗೂ ಹೆಚ್ಚು ದಕ್ಷಿಣದಲ್ಲಿರುವ ಪುಂಟಾ ಗೋರ್ಡಾ ಪಟ್ಟಣದ ಮೇಲೆರಗಿತು. ಅಮೆರಿಕದಲ್ಲಿ ಈ ಗಾಳಿಗೆ ನೇರವಾಗಿ ಬಲಿಯಾದವರು ಹತ್ತು ಮಂದಿ.

ಮುನ್ಸೂಚನೆ ಸುಳ್ಳಾಯಿತೆ? ಇಲ್ಲ. ಪುಂಟಾ ಗೋರ್ಡಾ ಎಚ್ಚರಿಕೆಯ ವಲಯದೊಳಗೇ ಇದ್ದಿತು. ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರವು ಗೆರೆಯ ಸುತ್ತ, ಮುಂದೆ ಹೋದಂತೆಲ್ಲ ಅಗಲವಾಗುವ ಶಂಕುವೊಂದನ್ನೂ ಬರೆಯುತ್ತದೆ. ಬಿರುಗಾಳಿಯ ಕೇಂದ್ರವು ಮೂರರಲ್ಲಿ ಎರಡು ಪಾಲು ಸಂದರ್ಭಗಳಲ್ಲಿ ಆ ಶಂಕುವಿನೊಳಗೇ ಉಳಿಯಬಹುದೆಂಬುದು ಅದರ ಅರ್ಥ. ಮಳೆಯೂ ಗಾಳಿಯೂ ಅದರಾಚೆಗೂ ಚಾಚಬಲ್ಲವು. ಆದರೆ ಜನರ ಕಣ್ಣು ಶಂಕುವನ್ನು ಮರೆತು ಗೆರೆಯಲ್ಲಿಯೇ ನೆಟ್ಟಿತು. ಗೆರೆ ತಮ್ಮೂರಿನ ಮೇಲಿಲ್ಲವೆಂದು ಹಲವರು ನಿಶ್ಚಿಂತರಾದರು. ಈಗ ಆ ಕೇಂದ್ರದ ನಕ್ಷೆಯನ್ನು ನಡುಗೆರೆಯಿಲ್ಲದೆಯೂ ನೋಡಬಹುದಾಗಿದೆ.

ಹಾಗೆಂದು ಈ ಹವ್ಯಾಸವನ್ನು ಹಳಿಯಬೇಕಾಗಿಲ್ಲ. ಚುಕ್ಕೆಯಿಟ್ಟು ಕಾಯುವವನು ಗಾಳಿ ಎಲ್ಲಿದೆ, ಎಷ್ಟು ಬೇಗ ಬರುತ್ತಿದೆ ಎಂಬುದನ್ನು ತನ್ನ ಕಣ್ಣಿನಿಂದಲೇ ಅರಿಯುತ್ತಾನೆ. ಮುಂದಿನ ಚುಕ್ಕೆ ಎಲ್ಲಿ ಬೀಳುವುದೆಂಬುದನ್ನು ಮಾತ್ರ ಆ ಚಿತ್ರ ಹೇಳಲಾರದು. ತನ್ನ ಊರು ಶಂಕುವಿನೊಳಗಿದ್ದರೆ ಸೀಸದಕಡ್ಡಿಯನ್ನು ಕೆಳಗಿಟ್ಟು, ಮನೆಯ ಬಾಗಿಲಿಗೆ ಬೀಗ ಹಾಕಿ, ಮಕ್ಕಳುಮರಿಗಳೊಡನೆ ಹೊರಡುವುದೇ ಜಾಣತನ.