ಫೀಸು ಇಲ್ಲ, ಅವರೇ ದುಡ್ಡು ಕೊಡ್ತಾರೆ



ಎರಡು ತಿಂಗಳು ಒಬ್ಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಕೆಲಸ ಕಲಿಯೋದಕ್ಕೆ ಎಷ್ಟು ಫೀಸು ಕಟ್ಟಬೇಕು? ನಮ್ಮ ಶಾಲೆಯಿಂದ ಕಾಲೇಜಿಗೆ ಹೋದ ಮಕ್ಕಳು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು. ಫೀಸು ಒಂದು ರೂಪಾಯಿಯೂ ಇಲ್ಲ, ಅವರೇ ನಿಮಗೆ ಕೊಡ್ತಾರೆ ಅಂದರೆ ನಂಬೋದಿಲ್ಲ. “ಸರ್, ಚೇಷ್ಟೆ ಮಾಡಬೇಡ್ರಿ” ಅಂತಾರೆ.

ನಂಬದಿರುವುದಕ್ಕೆ ಕಾರಣವೂ ಇದೆ. ಅಕ್ಕಲಕೋಟ, ಜತ್ತ ಕಡೆ ಬೇಸಿಗೆ ರಜೆ ಅಂದರೆ ಮನೆಗೆ ನಾಲ್ಕು ಕಾಸು ತರುವ ಕಾಲ. ತೋಟದ ಕೂಲಿ, ಅಂಗಡಿ ಕೆಲಸ, ಮದುವೆ ಸೀಸನ್ನಿನಲ್ಲಿ ಮಂಟಪದ ಕೆಲಸ, ಹೀಗೆ ಏನಾದರೂ ಇರುತ್ತದೆ. ಕಾಲೇಜು ಸೇರಿದ ಮೇಲಂತೂ ಇನ್ನೂ ಹೆಚ್ಚು. ಅಂಥ ಎರಡು ತಿಂಗಳನ್ನು ಬಿಟ್ಟುಕೊಟ್ಟು ಮಗಳು ಬೆಂಗಳೂರಿಗೋ ಪುಣೆಗೋ ಹೋಗುತ್ತೇನೆ ಅಂದರೆ ಅಪ್ಪ ಅವ್ವ ಮೊದಲು ಕೇಳುವುದು ಖರ್ಚಿನ ಲೆಕ್ಕವನ್ನೇ. ಕೇಳಬೇಕಾದದ್ದೇ. ಆದ್ದರಿಂದ ನಾನೂ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ನಮ್ಮ ದೇಶದಲ್ಲಿ ಮೂರು ವಿಜ್ಞಾನ ಅಕಾಡೆಮಿಗಳಿವೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ್ದು ಒಂದು, ದೆಹಲಿಯದು ಒಂದು, ಮೇಘನಾದ ಸಹಾ ಅವರ ಮುಂದಾಳತ್ವದಲ್ಲಿ 1930ರಲ್ಲಿ ಅಲಹಾಬಾದಿನಲ್ಲಿ ಶುರುವಾದದ್ದು ಮತ್ತೊಂದು. ಮೂರೂ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತವೆ. ಬಿ.ಎಸ್ಸಿ., ಎಂ.ಎಸ್ಸಿ., ಎಂಜಿನಿಯರಿಂಗ್ ಓದುವವರು ಅರ್ಜಿ ಹಾಕಬಹುದು. ಆಯ್ಕೆಯಾದರೆ ದೇಶದ ಯಾವುದಾದರೂ ಸಂಶೋಧನಾ ಸಂಸ್ಥೆಯಲ್ಲಿ ಒಬ್ಬ ವಿಜ್ಞಾನಿಯ ಕೈಕೆಳಗೆ ಸುಮಾರು ಎಂಟು ವಾರ ಕೆಲಸ. ತಿಂಗಳಿಗೆ ₹10,000ಕ್ಕಿಂತ ಹೆಚ್ಚು ಸ್ಟೈಪೆಂಡ್, ಹೋಗಿಬರುವ ರೈಲು ಖರ್ಚು ಬೇರೆ. ಮೊತ್ತ ಆಗಾಗ ಬದಲಾಗುತ್ತದೆ, ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ. ಊಟ, ಹಾಸ್ಟೆಲ್ ಎಲ್ಲ ಸಾಮಾನ್ಯವಾಗಿ ಈ ದುಡ್ಡಿನಲ್ಲೇ ನೀಗಬೇಕು, ಹಾಗಾಗಿ ಮನೆಗೆ ಕಳಿಸಲು ಹೆಚ್ಚೇನೂ ಉಳಿಯಲಿಕ್ಕಿಲ್ಲ. ಆದರೆ ಮನೆಯಿಂದ ತರಿಸಿಕೊಳ್ಳಬೇಕಾಗಿಯೂ ಇಲ್ಲ. ಆ ಸಂಸ್ಥೆಯ ಹಾಸ್ಟೆಲ್ಲಿನಲ್ಲಿ ಜಾಗ ಸಿಗುತ್ತದೋ ಇಲ್ಲವೋ ಅಂತ ಹೊರಡುವ ಮೊದಲೇ ಕೇಳಿಕೊಳ್ಳಿ. ಬೆಂಗಳೂರಿನಲ್ಲಿ ಹೊರಗೆ ರೂಮು ಹಿಡಿದರೆ ಸ್ಟೈಪೆಂಡ್ ಅಲ್ಲೇ ಕರಗಿಹೋಗುತ್ತದೆ.

ಇದೊಂದೇ ಅಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ. ಅಲ್ಲೂ ಬೇಸಿಗೆ ಫೆಲೋಶಿಪ್ ಉಂಟು. ಬಿ.ಎಸ್ಸಿ. ಶುರುವಿನಲ್ಲೇ ಆಯ್ಕೆ ಮಾಡಿಕೊಂಡು ಸಾಲಾಗಿ ಮೂರು ಬೇಸಿಗೆ ಕರೆಸಿ ರಸಾಯನಶಾಸ್ತ್ರ, ಜೀವಶಾಸ್ತ್ರದ ಪ್ರಾಜೆಕ್ಟ್ ಮಾಡಿಸುವ ಯೋಜನೆಯನ್ನೂ ಅವರು ನಡೆಸುತ್ತ ಬಂದಿದ್ದಾರೆ. ಈ ಕೇಂದ್ರವನ್ನು 1989ರಲ್ಲಿ ಕಟ್ಟಿದವರು ಸಿ.ಎನ್.ಆರ್. ರಾವ್. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಅವರು ಹೈಸ್ಕೂಲು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವೂ ಪದವಿ ವಿದ್ಯಾರ್ಥಿಗಳಿಗೆ ಶಿಬಿರ ಮಾಡಿ ಪ್ರಾಜೆಕ್ಟ್ ಕೊಡುತ್ತದೆ. ಸೊಲ್ಲಾಪುರದಿಂದ ಒಂದು ರಾತ್ರಿಯ ರೈಲು, ಅಷ್ಟೇ.

ಈಗ ನಿಜವಾದ ವಿಷಯಕ್ಕೆ ಬರೋಣ. ಅಕಾಡೆಮಿಗಳ ಅರ್ಜಿಯಲ್ಲಿ ಅಂಕಗಳ ವಿವರ ಬರೆಯಬೇಕು, ಅದು ಹತ್ತನೇ ತರಗತಿಯಿಂದಲೇ ಶುರು. ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬ ಅಧ್ಯಾಪಕರ ಶಿಫಾರಸು ಪತ್ರ ಬೇಕು. ಇವೆರಡರ ಜೊತೆಗೆ, ನೀವು ಏನು ಮಾಡಬೇಕೆಂದಿದ್ದೀರಿ ಅಂತ ನಿಮ್ಮದೇ ಮಾತಿನಲ್ಲಿ ಒಂದು ಪುಟ್ಟ ಬರಹ ಬೇಕು. ಹೆಚ್ಚಿನವರು ಎಡವುವುದು ಇಲ್ಲೇ. “ನನಗೆ ಚಿಕ್ಕಂದಿನಿಂದ ವಿಜ್ಞಾನದಲ್ಲಿ ಬಹಳ ಆಸಕ್ತಿ” ಅಂತ ಎಲ್ಲರೂ ಬರೆಯುತ್ತಾರೆ. ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಹಾಗಾದರೆ ಏನು ಬರೆಯಬೇಕು? ನಮ್ಮ ದಾಳಿಂಬೆ ತೋಟವನ್ನೇ ನೋಡಿ. ಕಾಯಿಯ ಮೇಲೆ ಎಣ್ಣೆ ಹಚ್ಚಿದ ಹಾಗೆ ಚುಕ್ಕೆ ಬಂದು, ಆಮೇಲೆ ಕಪ್ಪಾಗಿ ಕಾಯಿ ಸೀಳುತ್ತದೆ. ಮರಾಠಿಯಲ್ಲಿ ತೇಲ್ಯಾ ಅಂತಾರೆ. ಇದು ಕ್ಸಾಂಥೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಮಳೆ ಹನಿ ಸಿಡಿದು ಒಂದು ಗಿಡದಿಂದ ಇನ್ನೊಂದಕ್ಕೆ ಹರಡುತ್ತದೆ. ತೋಟದಲ್ಲಿ ಬೆಳೆದ ಹುಡುಗನಿಗೆ ಮಳೆ ಬಂದ ಮೇಲೆ ರೋಗ ಜಾಸ್ತಿ ಅನ್ನೋದು ಗೊತ್ತು. ಆದರೆ ಎಷ್ಟು ದಿನದ ಮೇಲೆ? ಯಾವ ಸಾಲಿನಲ್ಲಿ ಮೊದಲು? ಒಣಗಿ ಬಿದ್ದ ಎಲೆಯಲ್ಲಿ ಆ ಬ್ಯಾಕ್ಟೀರಿಯಾ ಬದುಕಿರುತ್ತದೆಯೇ? ಇಂಥ ಒಂದು ಪ್ರಶ್ನೆ, ಅದಕ್ಕೆ ನೀವು ನೋಡಿ ಬರೆದಿಟ್ಟ ನಾಲ್ಕು ಅಂಕಿ, ಮತ್ತು ಮುಂದೆ ಯಾವ ಪರೀಕ್ಷೆ ಮಾಡಿದರೆ ಉತ್ತರ ಸಿಕ್ಕೀತು ಎಂಬ ಊಹೆ ಇದ್ದರೆ ಬರಹಕ್ಕೆ ಜೀವ ಬಂತು. ಸೊಲ್ಲಾಪುರದಲ್ಲೇ 2005ರಿಂದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಇರುವುದು ಸುಮ್ಮನೆ ಅಲ್ಲ.

ಬೇರೆ ಕಡೆಯ ಮಕ್ಕಳಿಗೂ ಇಂಥವು ಬೇಕಾದಷ್ಟಿವೆ. ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ 1916ರಿಂದ ನಡೆದಿದೆ. ನೀಲಗಿರಿಯವರೇ, ಊಟಿಯ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕವನ್ನು ಗುಡ್ಡದ ಇಳಿಜಾರಿನಲ್ಲೇ ಯಾಕೆ ಕಟ್ಟಿದರು ಅಂತ ಯೋಚಿಸಿದ್ದೀರಾ? ಇಳಿಜಾರು ಸುಮಾರು 11 ಡಿಗ್ರಿ, ಊಟಿಯ ಅಕ್ಷಾಂಶವೂ ಅಷ್ಟೇ. ಹಾಗಾಗಿ ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರ. ಒಂದೇ ಅಕ್ಷದ ಮೇಲೆ ತಿರುಗಿಸಿದರೆ ಸಾಕು, ಆಕಾಶಕಾಯವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಗೋವಿಂದ ಸ್ವರೂಪ್ ಅವರ ಲೆಕ್ಕ ಅದು.

ಅಲ್ಲಿ ಹೋದ ಮೇಲೆ ದೊಡ್ಡ ಆವಿಷ್ಕಾರ ಏನೂ ಆಗುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಮೊದಲ ವಾರ ಓದು. ಆಮೇಲೆ ಪಿಪೆಟ್ ಹಿಡಿಯೋದು, ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯಲಿ ಅಂತ ದಿನಗಟ್ಟಲೆ ಕಾಯೋದು, ಬೆಳೆಯದಿದ್ದರೆ ಮತ್ತೆ ಮೊದಲಿನಿಂದ. ಒಂದೇ ಅಳತೆಯನ್ನು ಹತ್ತು ಸಲ ತೆಗೆಯೋದು. ಕೊನೆಗೆ ವರದಿ ಬರೆದು ಕೊಡಬೇಕು. ಪ್ರಯೋಗ ಕೈಕೊಟ್ಟರೆ ಯಾಕೆ ಕೈಕೊಟ್ಟಿತು ಅಂತ ಬರೆದರೂ ಅದು ವರದಿಯೇ. ನಮ್ಮ ಪ್ರಾಯೋಗಿಕ ಪರೀಕ್ಷೆಯಲ್ಲಿ ಪುಸ್ತಕದ ಉತ್ತರ ಬರಲೇಬೇಕು, ಅಲ್ಲಿ ಹಾಗಿಲ್ಲ. ನನಗೆ ಬಹಳ ಹಿಡಿಸುವುದು ಇದೇ.

ಇಂಗ್ಲಿಷಿನ ಭಯ ಇದೆಯಲ್ಲ, ಅದಕ್ಕೊಂದು ಉಪಾಯ. ಒಂದು ನೋಟುಬುಕ್ಕಿನಲ್ಲಿ ಎರಡು ಸಾಲು ಮಾಡಿ, ಅಭಿಸರಣೆ ಎದುರಿಗೆ ಆಸ್ಮೋಸಿಸ್, ವಿಸರಣೆ ಎದುರಿಗೆ ಡಿಫ್ಯೂಷನ್ ಅಂತ ಈಗಿನಿಂದಲೇ ಬರೆಯುತ್ತ ಹೋಗಿ. ವಿಷಯ ಕನ್ನಡದಲ್ಲಿ ಗಟ್ಟಿಯಾಗಿ ಗೊತ್ತಿದ್ದವರಿಗೆ ಹೆಸರು ಬದಲಾಯಿಸಿಕೊಳ್ಳಲು ಹೆಚ್ಚು ದಿನ ಹಿಡಿಯುವುದಿಲ್ಲ.

ಇನ್ನೊಂದು ಎಚ್ಚರಿಕೆ. ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಕೊಡುತ್ತೇವೆ, ಇಷ್ಟು ಸಾವಿರ ಕಟ್ಟಿ ಅಂತ ಮೊಬೈಲಿಗೆ ಮೆಸೇಜು ಕಳಿಸುವವರು ಬಹಳ ಆಗಿದ್ದಾರೆ. ನಾನು ಮೇಲೆ ಹೇಳಿದವು ಅಂಥವಲ್ಲ. ಯಾರಾದರೂ ದುಡ್ಡು ಕೇಳಿದರೆ ಕಟ್ಟುವ ಮೊದಲು ನಿಮ್ಮ ಶಿಕ್ಷಕರಿಗೆ ತೋರಿಸಿ.

ನೀವು ಅರ್ಜಿ ಹಾಕಲು ಇನ್ನೂ ಮೂರು ನಾಲ್ಕು ವರ್ಷ ಇದೆ. ಆದರೆ ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಬಿ.ಎಸ್ಸಿ. ಓದುವ ಅಕ್ಕನೋ ಅಣ್ಣನೋ ಇದ್ದರೆ ಈ ಪುಟವನ್ನು ಇವತ್ತೇ ಅವರಿಗೆ ಕೊಡಿ. ಅಕಾಡೆಮಿಗಳು ಸಾಮಾನ್ಯವಾಗಿ ಅರ್ಜಿ ತೆಗೆದುಕೊಳ್ಳುವುದು ನವೆಂಬರ್ ಮುಗಿಯುವ ತನಕ. ಬೇಸಿಗೆ ಬಂದ ಮೇಲೆ ವಿಚಾರಿಸಿದರೆ ಆ ವರ್ಷದ್ದು ತಪ್ಪಿಹೋಗಿರುತ್ತದೆ.